ಲಾಕೀಷ್‌ನ ಬೋಕಿ ಕಾಗದಗಳು: 2600 ವರ್ಷದ ಹಿಂದೆ ಒಬ್ಬ ಸಿಪಾಯಿಗೆ ನಿಜವಾಗ್ಲೂ ಓದು ಬರ್ತಿತ್ತಾ?

ಮಡಕೆಚೂರು:
ಎಲ್ರಿಗೂ ನಮಸ್ಕಾರ. ಊರಿಂದ ಭಾವ ಬಂದಿದ್ರು ಅಂತ ಹೋದ ಶನಿವಾರ ಬ್ರಿಟಿಷ್ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ. ಅವರಿಗೆ ಮಮ್ಮಿ ನೋಡೋ ಹುಚ್ಚು, ಅಲ್ಲೇ ಬಿಟ್ಟು ನಾನು ಲಾಕೀಷ್ ಕಡೆ ಹೋದೆ. ಲಾಕೀಷ್ ಅಂದ್ರೆ ಯೆರೂಸಲೇಮಿನ ನೈಋತ್ಯಕ್ಕಿದ್ದ ಯೆಹೂದ ರಾಜ್ಯದ ದೊಡ್ಡ ಕೋಟೆ ಊರು. ಅಸ್ಸೀರಿಯದ ದೊರೆ ಸನ್ಹೇರೀಬ ಕ್ರಿ.ಪೂ. 701ರಲ್ಲಿ ಅದನ್ನ ಮುತ್ತಿಗೆ ಹಾಕಿ ಹೊಡೆದಿದ್ದನ್ನ ತನ್ನ ಅರಮನೆ ಗೋಡೆ ತುಂಬ ಕೆತ್ತಿಸಿದ್ದ, ಆ ಉಬ್ಬುಚಿತ್ರಗಳ ಮುಂದೆ ಜಾತ್ರೆ ಥರ ಜನ. ಅದೇ ಊರಿನ ಇನ್ನೊಂದು ವಸ್ತು ಬೇರೆ ಕೋಣೇಲಿ ಗಾಜಿನ ಹಿಂದೆ ಸುಮ್ನೆ ಕೂತಿದೆ, ಅದರ ಮುಂದೆ ಒಂದು ನರಪಿಳ್ಳೆ ಇರ್ಲಿಲ್ಲ. ಅಂಗೈ ಅಗಲದ ಒಂದು ಮಡಕೆ ಚೂರು, ನಾವು ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡೋಕೆ ಹುಡುಕ್ತಿದ್ವಲ್ಲ, ಅಂಥದ್ದೇ ಬೋಕಿ. ಅದರ ಮೇಲೆ ಕರೀ ಮಸೀಲಿ ಆರು ಸಾಲು ಬರಹ.

ಅದು ಒಂದು ಕಾಗದ. ಕೈಕೆಳಗಿನವನು ಯಾವಷ್ ಅನ್ನೋ ಮೇಲಧಿಕಾರಿಗೆ ಬರೆದಿದ್ದು. ಶುರುವಾಗೋದೇ ಯೆಹೋವನು ನನ್ನೊಡೆಯನಿಗೆ ಇವತ್ತೇ, ಇವತ್ತೇ ಕ್ಷೇಮ ಸಮಾಚಾರ ಕೇಳಿಸಲಿ ಅಂತ. ಆಮೇಲೆ 'ನಿನ್ನ ಸೇವಕ ಯಾರು, ಬರೀ ಒಂದು ನಾಯಿ, ಒಡೆಯರು ನೆನೆಸಿಕೊಳ್ಳೋಕೆ' ಅನ್ನೋ ಧಾಟಿ. 'ಇವತ್ತೇ, ಇವತ್ತೇ' ಅಂತ ಎರಡು ಸಲ ಯಾಕೆ ಬರೆದ ಅಂತ ಯೋಚಿಸ್ತಾ ನಿಂತೆ, ಯಾಕಂದ್ರೆ ಇದು ಬಾಬಿಲೋನಿನ ನೆಬೂಕದ್ನೆಚ್ಚರ ಬಂದು ಎಲ್ಲಾ ಸುಡೋದಕ್ಕೆ ಸ್ವಲ್ಪ ಮುಂಚೆ, ಕ್ರಿ.ಪೂ. 587-586ರ ಹತ್ತಿರ. 1935ರಲ್ಲಿ ಜೆ. ಎಲ್. ಸ್ಟಾರ್ಕಿ ಅನ್ನೋರು ಅಗೆದಾಗ ಊರಬಾಗಿಲ ಪಕ್ಕದ ಕೋಣೆಯ ಸುಟ್ಟ ಬೂದಿ ಪದರದಲ್ಲಿ ಇಂಥವು 18 ಸಿಕ್ಕವು, ಆಮೇಲೆ 1938ರಲ್ಲಿ ಇನ್ನೂ 3. ಸ್ಟಾರ್ಕಿ ಪಾಪ ಅದೇ 1938ರ ಜನವರೀಲಿ ದಾರೀಲಿ ಕೊಲೆಯಾಗಿ ಹೋದರು.

ಈಗ ನನ್ನ ಪ್ರಶ್ನೆ. 3ನೇ ನಂಬರಿನ ಕಾಗದ ಇದೆಯಲ್ಲ, ಅದನ್ನ ಬರೆದವನು ಹೋಷಾಯ ಅನ್ನೋ ಸಣ್ಣ ಅಧಿಕಾರಿ. ಮೇಲಿನವನು 'ನಿನಗೆ ಕಾಗದ ಓದೋಕೆ ಬರಲ್ವಾ' ಅಂತ ಬರೆದು ಕಳಿಸಿದ್ನಂತೆ. ಇವನಿಗೆ ಉರಿದುಹೋಗಿದೆ. ನೀವು ಆ ಕಾಗದ ಕಳಿಸಿದಾಗಿಂದ ನಿಮ್ಮ ಸೇವಕನ ಎದೆ ನೊಂದಿದೆ, ಯೆಹೋವನಾಣೆ, ನನಗೆ ಇವತ್ತಿನವರೆಗೂ ಯಾರೂ ಕಾಗದ ಓದಿ ಹೇಳಿದ್ದಿಲ್ಲ, ನನಗೆ ಬಂದ ಯಾವ ಕಾಗದವಾದ್ರೂ ಒಂದ್ಸಲ ಓದಿದ್ರೆ ಪೂರ್ತಿ ಬಾಯಲ್ಲಿ ಹೇಳಬಲ್ಲೆ ಅಂತ ಜವಾಬು. ಅಂದ್ರೆ ಗಡಿಯಲ್ಲಿ ಕೂತ ಸಿಪಾಯಿಗೂ ಓದು ಬರಹ ಬರ್ತಿತ್ತು, ಜನಸಾಮಾನ್ಯರೂ ಓದ್ತಿದ್ರು ಅಂತ ತಾನೇ ಅರ್ಥ? ಏನಂತೀರಿ?

ಸುಮ್ನೆಓದ್ತೀನಿ:
ಚೆನ್ನಾಗಿದೆ ಸಾರ್. ಒಂದು ದಡ್ಡ ಪ್ರಶ್ನೆ, ಈಗಿನ ಇಸ್ರೇಲಿನವರು ಅದನ್ನ ಸಲೀಸಾಗಿ ಓದಬಹುದಾ? ಅದೇ ಹೀಬ್ರೂ ಅಲ್ವಾ?

ಮಡಕೆಚೂರು:
ದಡ್ಡ ಪ್ರಶ್ನೆ ಏನಲ್ಲ. ಭಾಷೆ ಹೀಬ್ರೂನೇ, ಅಕ್ಷರ ಬೇರೆ. ಈಗ ನೋಡ್ತೀವಲ್ಲ ಚೌಕ ಚೌಕವಾದ ಅಕ್ಷರ, ಅದು ಅರಾಮಿಕ್ ಅನ್ನೋ ಅಕ್ಕಪಕ್ಕದ ಭಾಷೆಯ ಲಿಪಿಯಿಂದ ಆಮೇಲೆ ಬಂದದ್ದು. ಇದು ಅದಕ್ಕೂ ಹಳೇದು, ಫಿನೀಷಿಯನ್ ಲಿಪಿಯ ಮಗಳು. 22 ಅಕ್ಷರ ಅಷ್ಟೇ, ಬಲದಿಂದ ಎಡಕ್ಕೆ, ಸ್ವರ ಬರೆಯೋದು ಬಹಳ ಕಮ್ಮಿ. ನಾವು ಕಾಗುಣಿತ ಪೂರ್ತಿ ಬಿಟ್ಟು ಬರೆದ್ರೆ ಹೇಗಿರುತ್ತೋ ಹಾಗೆ. 'ಮನ' ಅಂತ ಬರೆದಿದ್ರೆ ಮನೆನೋ ಮಾನನೋ ಮೀನೋ ಮೌನನೋ ನೀವೇ ಸಂದರ್ಭ ನೋಡಿ ತಿಳ್ಕೋಬೇಕು. ಅದಕ್ಕೇ ಕೆಲವು ಸಾಲಿಗೆ ವಿದ್ವಾಂಸರು ಇನ್ನೂ ಕಿತ್ತಾಡ್ತಾ ಇದಾರೆ. ಆದ್ರೆ 22 ಅಕ್ಷರ ಕಲಿಯೋದು ಎಷ್ಟು ದಿನದ ಕೆಲಸ ಹೇಳಿ, ನನ್ನ ಮಗಳು ಒತ್ತಕ್ಷರಕ್ಕೇ ಒಂದು ವರ್ಷ ತಗೊಂಡ್ಲು.

ಧಾರವಾಡದಮಳಿ:
ನೋಡ್ರಿ, ಒಂದು ಮಾತು ಹೇಳ್ತೀನಿ ಸಿಟ್ಟಿಗೇಳಬ್ಯಾಡ್ರಿ. ನೀವು ಆ ಹೋಷಾಯನ ಕಾಗದಾನ ಉಲ್ಟಾ ಓದಾಕತ್ತೀರಿ. ಎಲ್ಲಾರಿಗೂ ಓದಾಕ ಬರ್ತಿತ್ತು ಅಂದ್ರ ಅಂವಾ ಯಾಕ ದೇವರಾಣಿ ಮಾಡಿ ನಂಗ ಬರ್ತೈತಿ ಅಂತ ಹೇಳ್ತಿದ್ದ? ನಾವ್ಯಾರಾದ್ರೂ ಈಗ ನಂಗ ಸಹಿ ಮಾಡಾಕ ಬರ್ತೈತಿ ಅಂತ ಜಂಬ ಕೊಚ್ಚಿಕೋತೀವೇನು? ಓದೋದು ಅಪರೂಪ ಇದ್ದಲ್ಲೇನ ಅದರ ಜಂಬ ಇರ್ತೈತಿ. ಮೇಲಿನಂವಾ ಏನು ಹೇಳಿದ್ದ, ಲೇಖಕನ್ನ, ಅಂದ್ರ ಓದಿ ಬರಿಯೂದ ಕೆಲಸ ಆಗಿರಾವನ್ನ, ಕರಸಿ ಓದಿಸ್ಕೋ ಅಂತ ಹೇಳಿದ್ದ ಅಂತನೂ ಒಂದು ಅರ್ಥ ಮಾಡ್ತಾರ. ಅಂದ್ರ ಅಧಿಕಾರಿಗೋಳು ಲೇಖಕನ ಕಡೆ ಓದಿಸಿಕೊಳ್ಳೂದು ಮಾಮೂಲಿ ಪದ್ಧತಿ ಇತ್ತು ಅಂತಾತು. ಇನ್ನೊಂದು, ವಿಲಿಯಂ ಶ್ನೀಡೆವಿಂಡ್ ಅನ್ನೋ ವಿದ್ವಾಂಸರು ಇದೇ 3ನೇ ಕಾಗದದ ಮ್ಯಾಲೆ ಬರ್ದಾರ, ಈ ಮನಿಷ್ಯಾನ ಬರವಣಿಗಿನ ಒರಟು ಐತಿ, ಪಳಗಿದ ಲೇಖಕನ ಕೈ ಅಲ್ಲ ಅಂತ. ನಂಗ ಪೂರಾ ಬರ್ತೈತಿ ಅಂತ ತಪ್ಪು ತಪ್ಪಾಗಿ ಬರ್ದಾನ ನೋಡ್ರಿ 😀

ಮಡಕೆಚೂರು:
ಹ್ಹ ಹ್ಹ, ಒಪ್ಪಿದೆ ಅರ್ಧ. ಆದ್ರೆ ತಪ್ಪು ತಪ್ಪಾಗಿ ಬರೆದ ಅನ್ನೋದೇ ನನ್ನ ಪರ ಸಾಕ್ಷಿ ಅಲ್ವಾ? ಲೇಖಕ ಬರೆದಿದ್ರೆ ನೀಟಾಗಿರ್ತಿತ್ತು. ಇವನೇ ಕೂತು ಬರೆದಿದಾನೆ, ಸಿಟ್ಟಲ್ಲಿ.

ಡೇಟಾಭಟ್ರು:
ಇದಕ್ಕೆ ಲೆಕ್ಕದಿಂದ ಉತ್ತರ ಹುಡುಕಿದವರಿದ್ದಾರೆ, ನನ್ನ ಇಷ್ಟದ ವಿಷಯ ಆದ್ದರಿಂದ ಸ್ವಲ್ಪ ಉದ್ದ ಆಗ್ತದೆ, ಕ್ಷಮಿಸಿ.

ಅರಾದ್ ಅಂತ ನೆಗೆವ್ ಮರುಭೂಮಿಯ ಅಂಚಿನಲ್ಲಿ ಒಂದು ಪುಟ್ಟ ಕೋಟೆ. 1960ರ ದಶಕದಲ್ಲಿ ಯೋಹಾನನ್ ಅಹರೋನಿ ಅಗೆದರು, ಸುಮಾರು ನೂರು ಹೀಬ್ರೂ ಬೋಕಿ ಬರಹ ಸಿಕ್ಕಿದವು. ಅದರಲ್ಲಿ ಒಂದು ಗುಂಪು ಎಲ್ಯಾಷೀಬ ಎಂಬವನಿಗೆ ಬಂದದ್ದು, ಕ್ರಿ.ಪೂ. 600ರ ಆಸುಪಾಸಿನವು. ಈ ಮಹಾಶಯ ಉಗ್ರಾಣದವ, ನಮ್ಮ ಕಡೆ ಹೇಳುವುದಾದ್ರೆ ಸ್ಟೋರ್ ಕೀಪರು. ಚೀಟಿಗಳಲ್ಲಿ ಏನಿದೆ ಗೊತ್ತುಂಟಾ? 'ಎಲ್ಯಾಷೀಬನಿಗೆ. ಮತ್ತೆ ಈಗ, ಕಿತ್ತೀಯರಿಗೆ 3 ಬತ್ ದ್ರಾಕ್ಷಾರಸ ಕೊಡು, ದಿನದ ಹೆಸರು ಬರೆದಿಡು, ಮೊದಲ ಹಿಟ್ಟಿನಲ್ಲಿ ಉಳಿದದ್ದರಿಂದ ಅವರ ರೊಟ್ಟಿಗೆ ಕೊಡು.' ಇಷ್ಟೇ. ಬತ್ ಅಂದ್ರೆ ಆಗಿನ ಒಂದು ಅಳತೆ, ಕಿತ್ತೀಯರು ಅಂದ್ರೆ ಬಹುಶಃ ಗ್ರೀಸ್, ಸೈಪ್ರಸ್ ಕಡೆಯ ಬಾಡಿಗೆ ಸಿಪಾಯಿಗಳು. ದಿನ ಬರೆದಿಡು ಅಂತ ಹೇಳಿದ್ದಾನೆ ನೋಡಿ, ಆಗಲೂ ಆಡಿಟ್ ಇತ್ತು ಕಾಣ್ತದೆ. ಅಂಕಿಗಳನ್ನು ಮಾತ್ರ ಈಜಿಪ್ಟಿನ ಹೈರಾಟಿಕ್ ಚಿಹ್ನೆಯಲ್ಲಿ ಬರೀತಿದ್ರು, ಭಾಷೆ ಹೀಬ್ರೂ, ಲೆಕ್ಕ ಈಜಿಪ್ಟಿನದ್ದು. ನಮ್ಮ ಅಜ್ಜ ಕನ್ನಡ ಲೆಕ್ಕದ ಪುಸ್ತಕದಲ್ಲಿ ಇಂಗ್ಲಿಷ್ ಅಂಕಿ ಹಾಕ್ತಿದ್ದ ಹಾಗೆ.

ಈಗ ವಿಷಯ. ಟೆಲ್ ಅವೀವ್ ವಿಶ್ವವಿದ್ಯಾಲಯದ ಗಣಿತದವರು, ಭೌತಶಾಸ್ತ್ರದವರು, ಪುರಾತತ್ವದ ಇಸ್ರೇಲ್ ಫಿಂಕಲ್‌ಸ್ಟೈನ್ ಎಲ್ಲ ಸೇರಿ ಒಂದು ಅಲ್ಗಾರಿದಮ್ ಮಾಡಿದರು. ಒಂದು ಬೋಕಿಯ ಅಕ್ಷರ ತಗೊಂಡು ಇನ್ನೊಂದು ಬೋಕಿಯ ಅದೇ ಅಕ್ಷರದ ಜೊತೆ ಹೋಲಿಸಿ, ಎರಡನ್ನೂ ಒಬ್ಬನೇ ಬರೆದಿರುವ ಸಾಧ್ಯತೆ ಎಷ್ಟು ಅಂತ ತೆಗೆಯೋದು. 2016ರಲ್ಲಿ 16 ಬರಹ ನೋಡಿ ಕನಿಷ್ಠ 6 ಜನರ ಕೈ ಇದೆ ಅಂದರು. 2020ರಲ್ಲಿ ಪೊಲೀಸ್ ಇಲಾಖೆಯಲ್ಲಿ ಕೈಬರಹ ಪರೀಕ್ಷೆ ಮಾಡಿ ಅನುಭವ ಇದ್ದ ತಜ್ಞೆಯನ್ನು ಕೂರಿಸಿ 18 ಬರಹ ತೋರಿಸಿದರೆ, ಕನಿಷ್ಠ 12 ಕೈ ಅಂತ ಹೇಳಿದರು. ಕೋಟೆಯಲ್ಲಿ ಇದ್ದದ್ದೇ 20-30 ಸಿಪಾಯಿಗಳು. ಚೀಟಿ ಬರೆದವರೆಲ್ಲ ಆ ಕೋಟೆಯೊಳಗಿನವರಲ್ಲ, ಹೊರಗಿಂದ ಕಳಿಸಿದವರೂ ಇದ್ದಾರೆ, ಒಪ್ಪುವ. ಆದರೂ ರಾಜಧಾನಿಯಿಂದ ಅಷ್ಟು ದೂರದ ಒಂದು ಮೂಲೆಯ ಕೋಟೆಯ ರೇಷನ್ ವ್ಯವಹಾರದಲ್ಲಿ ಹನ್ನೆರಡು ಜನ ಬರೆಯುವವರು ಅಂದ್ರೆ ಓದು ಆಸ್ಥಾನದ ಪಂಡಿತರ ಹತ್ತಿರ ಮಾತ್ರ ಇರಲಿಲ್ಲ.

ಇನ್ನೊಂದು ಮಜಾ ಉಂಟು. ಅರಾದ್ 16ನೇ ಬೋಕಿ ಐವತ್ತು ವರ್ಷ ಮ್ಯೂಸಿಯಂನಲ್ಲಿ ಇತ್ತು, ಹಿಂಬದಿ ಖಾಲಿ ಅಂತ ಎಲ್ಲರೂ ತಿಳಿದಿದ್ದರು. ಇದೇ ತಂಡ ಬೇರೆ ಬೇರೆ ಬೆಳಕಿನ ಅಲೆಯಲ್ಲಿ ಫೋಟೋ ತೆಗೆದಾಗ ಹಿಂದೆಯೂ ಬರಹ ಕಂಡಿತು, 2017ರಲ್ಲಿ ಪ್ರಕಟ ಮಾಡಿದರು. ಅದರಲ್ಲಿ ಇದ್ದದ್ದು ಏನು? ದ್ರಾಕ್ಷಾರಸ ಇದ್ದರೆ ಸ್ವಲ್ಪ ಕಳಿಸು ಅಂತ!

ಸುಮ್ನೆಓದ್ತೀನಿ:
ಐವತ್ತು ವರ್ಷ ಮುಚ್ಚಿಟ್ಟಿದ್ದ ರಹಸ್ಯ ಕ್ವಾರ್ಟರ್ ಕಳಿಸು ಅನ್ನೋದಾ 😂😂

ಧಾರವಾಡದಮಳಿ:
ಭಟ್ರ, ಲೆಕ್ಕ ಭಾರೀ ಐತಿ, ಒಪ್ಪಿದೆ. ಆದ್ರ ಇದು ಮಿಲಿಟರಿ. ಮಿಲಿಟರಿಯಾಗ ರೇಷನ್ ಕೊಡಾವ, ತಗೊಳ್ಳಾವ, ಗಡಿ ಸುದ್ದಿ ಕಳಸಾವ, ಇವರಿಗೆ ಬರೀಲಿಕ್ಕೆ ಬರಬೇಕ್ರಿ, ಕೆಲಸನ ಅದು. ಹೊಲದಾಗ ದುಡಿಯಾವನ ಕಥಿ ಏನು? ಅವನ ಬರದದ್ದು ಒಂದ ಒಂದು ಬೋಕಿ ತೋರಿಸ್ರಿ, ಆಮ್ಯಾಲೆ ಜನಸಾಮಾನ್ಯರು ಅನ್ರಿ.

ಮೇಷ್ಟ್ರು1978:
ಮಳಿಯವರೇ, ಹೊಲದಲ್ಲಿ ದುಡಿಯೋನ ಬೋಕಿ ಒಂದಿದೆ. ಆದ್ರೆ ಅದು ನಿಮ್ಮ ಪರವೋ ಮಡಕೆಚೂರು ಅವರ ಪರವೋ ನೀವೇ ತೀರ್ಮಾನ ಮಾಡಿ.

1960ರಲ್ಲಿ ಸಮುದ್ರದಂಡೆ ಹತ್ತಿರ ಮೆಸಾದ್ ಹಷವ್ಯಾಹು ಅನ್ನೋ ಸಣ್ಣ ಕೋಟೆಯಲ್ಲಿ ಸಿಕ್ತು, ಯೋಸೆಫ್ ನವೆ ಅಗೆದು ಓದಿದ್ದು. ಕ್ರಿ.ಪೂ. 7ನೇ ಶತಮಾನದ ಕೊನೆ. ಹದಿನಾಲ್ಕು ಸಾಲಿನ ಅರ್ಜಿ. ಒಬ್ಬ ಕುಯ್ಲಿನ ಆಳು ಕೋಟೆಯ ಅಧಿಕಾರಿಗೆ ಹೇಳಿಕೊಳ್ತಾನೆ. ನಾನು ಓದಿದ ಅನುವಾದದಿಂದ ನನ್ನ ಮಾತಲ್ಲಿ ಹೇಳ್ತೀನಿ:

ಒಡೆಯರು ತಮ್ಮ ಸೇವಕನ ಮಾತು ಕೇಳಬೇಕು. ತಮ್ಮ ಸೇವಕ ಕುಯ್ಲಿನವನು. ತಮ್ಮ ಸೇವಕ ಕುಯ್ದ, ಅಳೆದ, ಕಣಜಕ್ಕೆ ಹಾಕಿದ. ತಮ್ಮ ಸೇವಕ ಕುಯ್ದು ಕಣಜಕ್ಕೆ ಹಾಕಿದ ಮೇಲೆ ಶೋಬಯನ ಮಗ ಹೋಷಾಯ ಬಂದು ತಮ್ಮ ಸೇವಕನ ಬಟ್ಟೆ ಕಿತ್ಕೊಂಡ. ನಾನು ನನ್ನ ಕುಯ್ಲು ಮುಗಿಸಿದ ಮೇಲೆ ಅವನು ತಮ್ಮ ಸೇವಕನ ಬಟ್ಟೆ ಕಿತ್ಕೊಂಡ. ನನ್ನ ಜೊತೆ ಸುಡು ಬಿಸಿಲಲ್ಲಿ ಕುಯ್ದ ನನ್ನ ಅಣ್ಣತಮ್ಮಂದಿರೆಲ್ಲ ಸಾಕ್ಷಿ ಹೇಳ್ತಾರೆ. ನನ್ನ ಅಣ್ಣತಮ್ಮಂದಿರು ಹೌದು ಅಂತಾರೆ. ನನ್ನ ತಪ್ಪಿಲ್ಲ. ನನ್ನ ಬಟ್ಟೆ ಕೊಡಿಸಿ.

ಇಲ್ಲಿ ಬರೋ ಹೋಷಾಯ ಬೇರೆ, ಲಾಕೀಷಿನವನು ಬೇರೆ, ನಮ್ಮಲ್ಲಿ ಮಂಜುನಾಥ ಇದ್ದಂಗೆ ಊರಿಗೆ ಹತ್ತು ಜನ.

ಎಷ್ಟು ಸಲ 'ತಮ್ಮ ಸೇವಕ' ಬಂತು ನೋಡಿ, ಎಷ್ಟು ಸಲ ಹೇಳಿದ್ದೇ ಹೇಳಿದ ನೋಡಿ. ನಾನು ಮೊದಲ ಪೋಸ್ಟಿಂಗ್ ಆದ ಹಳ್ಳಿಯಲ್ಲಿ ಸಂಜೆ ಆದ್ರೆ ಯಾರಾದ್ರೂ ಬರೋರು, ಮೇಷ್ಟ್ರೇ ಒಂದು ಅರ್ಜಿ ಬರ್ಕೊಡಿ ಅಂತ. ದನ ಹಿಡಿದು ದೊಡ್ಡಿಗೆ ಹಾಕಿದ್ದು, ಬದು ಒತ್ತಿದ್ದು, ಕೂಲಿ ಕೊಡದೇ ಇದ್ದದ್ದು. ನಾನು ನೀಟಾಗಿ ನಾಲ್ಕು ಸಾಲು ಬರೆಯೋಣ ಅಂದ್ರೆ ಬಿಡೋರಲ್ಲ, ಇಲ್ಲ ಮೇಷ್ಟ್ರೇ ಅದನ್ನೂ ಹಾಕಿ, ನಾನು ಕೆಲಸ ಮುಗಿಸಿದ ಮೇಲೇನೇ ಅಂತ ಹಾಕಿ, ಸಿದ್ದಣ್ಣನೂ ಇದ್ದ ಅಂತ ಹಾಕಿ, ಬೇಕಾದ್ರೆ ಕರೆದು ಕೇಳಿ ಅಂತ ಹಾಕಿ. ನನಗೆ ಈ ಬೋಕಿ ಓದಿದ ತಕ್ಷಣ ಆ ಜಗಲಿ, ಆ ಲಾಟೀನು ನೆನಪಾಯ್ತು. ಇವನು ಬರೆದದ್ದಲ್ಲ ಇದು, ಹೇಳಿ ಬರೆಸಿದ್ದು. ಹೆಚ್ಚಿನ ವಿದ್ವಾಂಸರೂ ಹಾಗೇ ಅಂತಾರೆ. ಬರೆದುಕೊಟ್ಟ ಪುಣ್ಯಾತ್ಮ ಹೇಳಿದ್ದನ್ನ ಹೇಳಿದ ಹಾಗೇ ಬರೆದಿದಾನೆ, ನನ್ನ ಹಾಗೆ ತಿದ್ದೋಕೆ ಹೋಗಿಲ್ಲ, ಅದಕ್ಕೇ ಆ ಆಳಿನ ದನಿ ಇವತ್ತಿಗೂ ಕೇಳ್ಸುತ್ತೆ.

ಮರಿಯಮ್ಮನಮೊಮ್ಮಗಳು:
ಮೇಷ್ಟ್ರೇ ಓದಿ ಮನಸ್ಸು ಒಂಥರಾ ಆಯ್ತು. ನಮ್ಮ ಮನೇಲಿ ಸತ್ಯವೇದ ಓದೋರಿಗೆ ತಕ್ಷಣ ಹೊಳೆಯುತ್ತೆ, ವಿಮೋಚನಕಾಂಡ 22ರಲ್ಲಿ ಇದೇ ಇದೆ. ಒಬ್ಬನ ಮೈಮೇಲಿನ ಬಟ್ಟೆ ಒತ್ತೆ ಇಟ್ಟುಕೊಂಡ್ರೆ ಹೊತ್ತು ಮುಳುಗೋದ್ರೊಳಗೆ ವಾಪಸ್ ಕೊಡಬೇಕು, ಅವನಿಗಿರೋ ಹೊದಿಕೆ ಅದೊಂದೇ, ರಾತ್ರಿ ಏನು ಹೊದ್ದುಕೊಳ್ತಾನೆ ಅಂತ. ಬಟ್ಟೆ ಅಂದ್ರೆ ಒಂದು ಅಂಗಿ ಹೋಯ್ತು ಅಂತಲ್ಲ, ಹಾಸಿಗೆ ಕಂಬಳಿ ಎಲ್ಲಾ ಅದೇ. ಆದ್ರೆ ಈ ಮನುಷ್ಯ ಶಾಸ್ತ್ರದ ಮಾತು ಎತ್ತೇ ಇಲ್ಲ, ನನ್ನ ಜೊತೆಯವರನ್ನ ಕೇಳಿ ಅಂತಾನೆ ಅಷ್ಟೇ.

ನನ್ನದೊಂದು ಪ್ರಶ್ನೆ. ಇದ್ರಲ್ಲಿ ಹೆಂಗಸರು ಎಲ್ಲಿ? ಇಷ್ಟು ಹೊತ್ತು ಬರೀ ಗಂಡಸರ ಹೆಸರೇ.

ಮಡಕೆಚೂರು:
ಅಕ್ಕಾ, ಮುದ್ರೆಗಳಲ್ಲಿ ಇದ್ದಾರೆ. ಸಣ್ಣ ಕಲ್ಲಿನ ಮುದ್ರೆ, ಹೆಸರು ಉಲ್ಟಾ ಕೆತ್ತಿರ್ತಾರೆ, ಮಣ್ಣುಂಡೆ ಮೇಲೆ ಒತ್ತಿದ್ರೆ ಸರಿಯಾಗಿ ಬೀಳುತ್ತೆ. ಯೆರೂಸಲೇಮಿನಲ್ಲಿ ಗಿವಾತಿ ಪಾರ್ಕಿಂಗ್ ಜಾಗ ಅಗೆದಾಗ 'ಗಾಯೇಲನ ಮಗಳು ಎಲಿಹಾನಾ' ಅನ್ನೋ ಮುದ್ರೆ ಸಿಕ್ತು, 2016ರಲ್ಲಿ ಸುದ್ದಿಯಾಗಿತ್ತು. ಹೆಣ್ಣಿಗೆ ತನ್ನದೇ ಮುದ್ರೆ ಇತ್ತು ಅಂದ್ರೆ ವ್ಯವಹಾರ ತನ್ನ ಹೆಸರಲ್ಲೇ ಮಾಡ್ತಿದ್ಲು. ಗಂಡನ ಹೆಸರಿಲ್ಲ, ಅಪ್ಪನ ಹೆಸರಿದೆ, ಅದೂ ಒಂದು ವಿಶೇಷ.

ಧಾರವಾಡದಮಳಿ:
ಮುದ್ರೆ ಇತ್ತು ಅಂದ್ರ ಓದಾಕ ಬರ್ತಿತ್ತು ಅಂತ ಅಲ್ಲ ಮತ್ತ. ನಮ್ಮ ಸೋದರಮಾವ ಪಂಚಾಯ್ತಿ ಅಧ್ಯಕ್ಷ ಇದ್ದಾಗ ರಬ್ಬರ್ ಸ್ಟ್ಯಾಂಪು ಅವರ ಕಿಸೇದಾಗ, ಓದು ಸೆಕ್ರೆಟರಿ ತಲ್ಯಾಗ.

ಡೇಟಾಭಟ್ರು:
ಮುದ್ರೆಯ ವಿಷಯದಲ್ಲಿ ಇನ್ನೊಂದು ಹೇಳ್ಬೇಕು. ಬೋಕಿ ಉಳಿದದ್ದು ಅದು ಬೋಕಿ ಆದ್ದರಿಂದ. ಅಸಲಿ ದಾಖಲೆ ಎಲ್ಲ ಪಪೈರಸ್, ಅಂದ್ರೆ ಜೊಂಡಿನಿಂದ ಮಾಡಿದ ಕಾಗದದ ಮೇಲೆ ಇತ್ತು, ಮಳೆ ಬೀಳುವ ಊರಲ್ಲಿ ಅದು ಗೊಬ್ಬರ ಆಗಿ ಹೋಯಿತು. 1982ರಲ್ಲಿ ಯಿಗಾಲ್ ಶಿಲೋ ಯೆರೂಸಲೇಮಿನ ಹಳೇ ಭಾಗವಾದ ದಾವೀದನ ಪಟ್ಟಣದಲ್ಲಿ ಅಗೆದಾಗ ಒಂದೇ ಮನೆಯಲ್ಲಿ 51 ಮಣ್ಣಿನ ಮುದ್ರೆಯುಂಡೆ ಸಿಕ್ಕಿದವು. ಬಾಬಿಲೋನಿನವರು ಇಟ್ಟ ಬೆಂಕಿಯಲ್ಲಿ ಕಾಗದ ಸುಟ್ಟುಹೋಯಿತು, ಮಣ್ಣು ಮಾತ್ರ ಇಟ್ಟಿಗೆ ಹಾಗೆ ಬೆಂದು ಗಟ್ಟಿ ಆಯಿತು. ಹಿಂದೆ ಪಪೈರಸ್ ನಾರಿನ ಗುರುತು ಅಚ್ಚೊತ್ತಿದೆ. ಅದರಲ್ಲಿ ಒಂದು ಶಾಫಾನನ ಮಗ ಗೆಮರ್ಯನದ್ದು, ಯೆರೆಮೀಯನ ಪುಸ್ತಕದ 36ನೇ ಅಧ್ಯಾಯದಲ್ಲಿ ಬರುವ ಹೆಸರು. ಹಾಗಾಗಿ ನಾವು ಬೋಕಿ ನೋಡಿ ಇವರು ಬರೆದದ್ದು ಇಷ್ಟೇ ಅಂತ ಹೇಳಿದರೆ, ಕಿರಾಣಿ ಚೀಟಿ ನೋಡಿ ಲೈಬ್ರರಿ ಲೆಕ್ಕ ಹಾಕಿದ ಹಾಗೆ.

ಹೊಲಮನೆ:
ಓದ್ತಾ ಇದೀನಿ, ಚೆನ್ನಾಗಿದೆ. ಗೆಜೆರ್ ಅನ್ನೋ ಕಡೆ ಸಿಕ್ಕ ಸುಣ್ಣಗಲ್ಲಿನ ಪಂಚಾಂಗದ ವಿಚಾರ ಯಾರೂ ಎತ್ತಿಲ್ಲವಲ್ಲ. 1908ರಲ್ಲಿ ಸಿಕ್ಕಿದ್ದು, ಕ್ರಿ.ಪೂ. 10ನೇ ಶತಮಾನದ್ದು, ಅಂಗೈಲಿ ಹಿಡಿಯೋ ಅಷ್ಟು ಗಾತ್ರ. ಎರಡು ತಿಂಗಳು ಸುಗ್ಗಿ ಒಟ್ಟೋದು, ಎರಡು ತಿಂಗಳು ಬಿತ್ತನೆ, ಎರಡು ತಿಂಗಳು ಹಿಂದ್ಲ ಬಿತ್ತನೆ, ಒಂದು ತಿಂಗಳು ಅಗಸೆ ಕೀಳೋದು, ಒಂದು ತಿಂಗಳು ಬಾರ್ಲಿ ಕುಯ್ಲು, ಹೀಗೆ ಹನ್ನೆರಡು ತಿಂಗಳು. ಹುಡುಗ ಬರೆದ ಪಾಠ ಅಂತ ಕೆಲವರು, ಹೀಬ್ರೂನೇ ಅಲ್ಲ ಫಿನೀಷಿಯನ್ ಅಂತ ಇನ್ನು ಕೆಲವರು. ನನಗನ್ನಿಸೋದು ಇಷ್ಟು, ಯಾವ ರೈತನೂ ಯಾವಾಗ ಬಿತ್ತಬೇಕು ಅಂತ ಕಲ್ಲು ನೋಡ್ಕೊಂಡು ಹೋಗಲ್ಲ. ಭರಣಿ ಮಳೆ ಬಂದ್ರೆ ಧರಣಿ ಎಲ್ಲ ಬೆಳೆ ಅನ್ನೋದನ್ನ ನಾವು ಎಲ್ಲಿ ಬರೆದಿಟ್ಟಿದ್ವಿ? ಬಾಯಲ್ಲಿದ್ದ ಹಾಡನ್ನ ಅಕ್ಷರ ಕಲೀತಿದ್ದೋನು ಗೀಚಿದಾನೆ, ಅಷ್ಟೇ.

ಕಲ್ಬರಹ:
ಎಲ್ರೂ ಒಂದು ಎಚ್ಚರಿಕೆ ಇಟ್ಕೊಳ್ಳಿ. ಬೋಕಿ ಅಂದ ತಕ್ಷಣ ನಂಬಬೇಡಿ. 2022ರ ಡಿಸೆಂಬರಿನಲ್ಲಿ ಇದೇ ಲಾಕೀಷಿಗೆ ಬಂದ ಪ್ರವಾಸಿಗೆ ಪರ್ಷಿಯಾದ ದೊರೆ ದಾರ್ಯಾವೆಷನ 24ನೇ ವರ್ಷ ಅಂತ ಅರಾಮಿಕ್‌ನಲ್ಲಿ ಬರೆದ ಬೋಕಿ ಸಿಕ್ತು. ಲ್ಯಾಬಲ್ಲೆಲ್ಲ ನೋಡಿ 2023ರ ಮಾರ್ಚಿನಲ್ಲಿ ಅಸಲಿ ಅಂತ ಘೋಷಣೆ ಮಾಡಿದ್ರು. ಎರಡು ದಿನ ಕಳೀತಿದ್ದ ಹಾಗೇ ಒಬ್ಬ ತಜ್ಞೆ ಅಯ್ಯೋ ಅದು ನಾನು ಹೋದ ವರ್ಷ ವಿದ್ಯಾರ್ಥಿಗಳಿಗೆ ತೋರಿಸೋಕೆ ಬರೆದಿದ್ದು ಅಂದ್ರು. ಬೋಕಿ ಅಲ್ಲಿನದೇ, ಹಳೇದೇ, ಬರಹ ಮಾತ್ರ ಹೊಸದು. ಘೋಷಣೆ ವಾಪಸ್ ತಗೊಂಡ್ರು, ಪಾಪ.

ಇನ್ನು ನಮ್ಮ ಕಡೆ ಸಂಬಂಧ ಇದೆಯಾ ಅಂದ್ರೆ ಒಂದು ಎಳೆ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು ಬ್ರಾಹ್ಮಿ ಲಿಪಿಯಲ್ಲಿವೆ, ಕೊನೇಲಿ ಬರೆದವನು ಚಪಡ ಅಂತ ಸಹಿ ಹಾಕಿ 'ಲಿಪಿಕಾರ' ಅನ್ನೋ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದಾನೆ. ಖರೋಷ್ಠಿ ಬಂದದ್ದು ಅರಾಮಿಕ್‌ನಿಂದ. ಅರಾಮಿಕ್ಕೂ ಈ ಹಳೇ ಹೀಬ್ರೂ ಲಿಪಿಯೂ ಒಂದೇ ತಾಯಿ ಮಕ್ಕಳು. ಹೋಷಾಯನ ಅಕ್ಷರದ ದಾಯಾದಿ ಮೊಳಕಾಲ್ಮೂರಿನ ಬಂಡೆ ಮೇಲೆ ಕೂತಿದೆ. ಚಪಡನದ್ದೂ ಅದೇ ಜಂಬ ಅಂತ ನನ್ನ ಅನಿಸಿಕೆ, ನೋಡಿ ನನಗೆ ಎರಡೆರಡು ಲಿಪಿ ಬರುತ್ತೆ ಅಂತ. ಆ ಊರಲ್ಲಿ ಅದನ್ನ ಓದೋಕೆ ಯಾರಿದ್ರು ಹೇಳಿ!

ಶಾಪದ ವಿಷಯದಲ್ಲೂ ಇವರು ನಮ್ಮ ಥರಾನೇ. ಯೆರೂಸಲೇಮಿನ ಎದುರಿನ ಸಿಲ್ವಾನ್ ಬೆಟ್ಟದಲ್ಲಿ ಅರಮನೆ ಮೇಲ್ವಿಚಾರಕನೊಬ್ಬನ ಗೋರಿ ಮೇಲೆ ಬರೆದಿದೆ: ಇಲ್ಲಿ ಬೆಳ್ಳಿ ಇಲ್ಲ ಬಂಗಾರ ಇಲ್ಲ, ಅವನ ಮೂಳೆ, ಅವನ ಜೊತೆ ಅವನ ದಾಸಿಯ ಮೂಳೆ ಅಷ್ಟೇ, ಇದನ್ನ ತೆರೆದವನು ಶಾಪಗ್ರಸ್ತ. ಸಾವಿರ ಕವಿಲೆ ಕೊಂದ ಪಾಪ ಅನ್ನೋದೊಂದು ಬಾಕಿ.

ಧಾರವಾಡದಮಳಿ:
ನೋಡ್ರಿ ಈಗ ಬಂದ್ರಿ ದಾರಿಗೆ. ಗೋರಿ ಕಳ್ಳಗ ಓದಾಕ ಬರಬೇಕಲ್ಲ ಶಾಪ ತಟ್ಟಾಕ?

ಮೇಷ್ಟ್ರು1978:
ಹ್ಹ ಹ್ಹ. ಓದೋಕೆ ಬರದೇ ಇದ್ದರೂ ಅಕ್ಷರ ಕಂಡ್ರೆ ಹೆದರ್ತಾರೆ ಮಳಿಯವರೇ. ನಮ್ಮಜ್ಜಿ ನೆಲದ ಮೇಲೆ ಬಿದ್ದ ಹಾಳೆ ತುಳಿದ್ರೆ ಕಣ್ಣಿಗೊತ್ತಿಕೊಳ್ಳೋಳು, ಅವಳಿಗೆ ಅ ಆ ಇ ಈ ಬರ್ತಿರ್ಲಿಲ್ಲ.

ಮಡಕೆಚೂರು:
ಸರಿ, ಸೋತೆ ಅರ್ಧ. ಮೊದಲ ಪೋಸ್ಟಲ್ಲಿ ಜನಸಾಮಾನ್ಯರೂ ಓದ್ತಿದ್ರು ಅಂತ ಹಾಕಿದ್ದು ಜಾಸ್ತಿ ಆಯ್ತು. ಆದ್ರೆ ಕುಯ್ಲಿನವನಿಗೂ ಬರೆಸಿಕೊಂಡು ಬರೋಕೆ ಹತ್ತಿರದಲ್ಲೇ ಯಾರೋ ಸಿಗ್ತಿದ್ರು, ಬರೆದು ಕೊಟ್ರೆ ಒಳಗೆ ಓದ್ತಾರೆ ಅನ್ನೋ ನಂಬಿಕೆ ಇತ್ತು, ಸಣ್ಣ ಅಧಿಕಾರಿಗೆ ಓದು ಬರಲ್ಲ ಅಂದ್ರೆ ಅವಮಾನ ಆಗ್ತಿತ್ತು. ಇಷ್ಟು ಬಿಟ್ಟುಕೊಡಲ್ಲ. ಯೆರೂಸಲೇಮಿನಲ್ಲಿ ನೀರಿಗೆ ಅಂತ ಕೊರೆದ ಸಿಲೊವಾಮ್ ಸುರಂಗದ ಬರಹಾನೂ ನೋಡಿ, 1880ರಲ್ಲಿ ನೀರಲ್ಲಿ ಆಡ್ತಿದ್ದ ಹುಡುಗರ ಕಣ್ಣಿಗೆ ಬಿದ್ದದ್ದು. ಹಿಜ್ಕೀಯನ ಕಾಲದ್ದು ಅಂತಾರೆ, ಆದ್ರೆ ಅದರಲ್ಲಿ ದೊರೆ ಹೆಸರೇ ಇಲ್ಲ, ದೇವರ ಹೆಸರೂ ಇಲ್ಲ. ಎರಡು ಕಡೆಯಿಂದ ಬಂಡೆ ಕೊರೀತಾ ಬಂದವರು ಇನ್ನು ಮೂರು ಮೊಳ ಇರೋವಾಗ ಆಚೆಯವನು ಕೂಗಿದ ದನಿ ಕೇಳಿಸ್ತು, ಗುದ್ದಲಿಗೆ ಗುದ್ದಲಿ ಎದುರಾಯ್ತು, 1200 ಮೊಳ ನೀರು ಹರೀತು ಅಂತ ಅಷ್ಟೇ. ಕೆಲಸ ಮಾಡಿದವರ ಕಡೆಯಿಂದ ಬರೆದದ್ದು ಅದು. ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ, ಭಾವನ್ನ ಮುಂದಿನ ಸಲ ಅಲ್ಲಿಗೆ ಕರ್ಕೊಂಡು ಹೋಗ್ಬೇಕು.

ಸುಮ್ನೆಓದ್ತೀನಿ:
ಎಲ್ಲಾ ಸರಿ, ಆ ಕುಯ್ಲಿನವನಿಗೆ ಬಟ್ಟೆ ವಾಪಸ್ ಸಿಕ್ತಾ?

ಮೇಷ್ಟ್ರು1978:
ಅರ್ಜಿ ಸಿಕ್ಕಿದ್ದು ಕೋಟೆ ಬಾಗಿಲ ಪಕ್ಕದ ಕಾವಲು ಕೋಣೆಯಲ್ಲಿ, ಚೂರು ಚೂರಾಗಿ.

ಧಾರವಾಡದಮಳಿ:
ಅಂದ್ರ ಟಪಾಲಿನ್ಯಾಗ ತಗೊಂಡಾರ, ಸಾಹೇಬ್ರ ಟೇಬಲ್ಲಿಗೆ ಹೋಗಿಲ್ಲ.